ಹಳೇ ಮಷೀನಿಗೆ ಅರ ಹಾಕಿದ ಯೂಸುಫಸಾಬನಿಗೆ

ಹಲಗೇರಿ
೧೪ ಮಾರ್ಚ್ ೨೦೦೬

ದೋಸ್ತ ಯೂಸುಫಸಾಬನಿಗೆ, ಸಿಟ್ಟು ಇನ್ನೂ ಪೂರ್ತಿ ಇಳಿಯದ ಗುಡ್ಡಪ್ಪನ ಸಲಾಮು.

ಎರಡು ಓಣಿ ದಾಟಿದರೆ ನಿನ್ನ ಮನೆ. ಅಲ್ಲಿಗೆ ಬಂದು ಮಾತಾಡುವುದು ಬಿಟ್ಟು ಐದು ರೂಪಾಯಿ ಖರ್ಚು ಮಾಡಿ ಪಾಕೀಟು ತಂದು ಕಾಗದ ಬರೆಯಲು ಕೂತಿದ್ದೇನೆ. ಪೋಸ್ಟಿನವನು ಯಾರಿಗೆ ಎಂದು ಕೇಳಿದ. ನಿನ್ನ ಹೆಸರು ಹೇಳಿದೆ. "ಅಂವ ನಿನ್ನ ಜೋಡೀನ ಇರ್ತಾನಲ್ಲೋ" ಎಂದು ನಕ್ಕ. ಹೀಗೆ ನಗೆಗೀಡಾಗುವ ಹಣೆಬರಹ ನಿನ್ನಿಂದ ಬಂತು. ನಾನೇನು ಬರಲಿಲ್ಲವೇ? ಎರಡು ಸಲ ಬಂದೆ. ಒಂದು ಸಲ ನಿನ್ನ ಹೆಂಡತಿ ಕುಲ್ಸುಮಬಿ "ಮಲಗ್ಯಾರ" ಎಂದಳು. ಇನ್ನೊಂದು ಸಲ "ರಾಣೆಬೆನ್ನೂರಿಗೆ ಹೋಗ್ಯಾರ" ಎಂದಳು, ನಿನ್ನ ಚಪ್ಪಲಿ ಅವಳ ಕಾಲ ಹತ್ತಿರವೇ ಬಿದ್ದಿದ್ದವು. ಪಾಪ, ಆಕೆಗೆ ಸುಳ್ಳು ಹೇಳಲು ಬರುವುದಿಲ್ಲ. ನಿನ್ನ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ನಮ್ಮ ಕೆಲಸ ಕೆಟ್ಟದ್ದೇ ಆ ಗುಣದಿಂದ.

ಇಪ್ಪತ್ತೆರಡು ವರ್ಷ ಒಂದೇ ಗರಗಸದ ಎರಡು ತುದಿ ಹಿಡಿದವರು ನಾವು. ನಿನ್ನ ತುದಿಯಿಂದ ಎಳೆತ ಸಡಿಲವಾದದ್ದು ಹೋದ ವರ್ಷ ಮಳೆಗಾಲಕ್ಕೂ ಮುಂಚೆ. ಬಲ ಹೆಗಲು ನೋಯುತ್ತದೆ ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುವ ನೆಪ ತೆಗೆದು ನೀನು ಕೂರುತ್ತಿದ್ದೆ, ನೀರು ಕುಡಿಯುವ ನೆಪ ತೆಗೆದು ನಾನೂ ಕೂರುತ್ತಿದ್ದೆ. ನಾಲ್ಕು ಗಂಟೆಯಲ್ಲಿ ಉರುಳುತ್ತಿದ್ದ ಮರ ಇಡೀ ದಿನ ಹಿಡಿಯತೊಡಗಿತು. ಆಗಲೇ ನಾನು ಮಷೀನಿನ ಮಾತು ಎತ್ತಿದ್ದು. ಪೆಟ್ರೋಲಿನಿಂದ ನಡೆಯುವ, ಚೈನಿನ ಹಲ್ಲಿನಿಂದ ಮರ ಕೊಯ್ಯುವ ಒಂದು ಮಷೀನು ಸಿಕ್ಕರೆ ಅದನ್ನು ನಾನು ಹಿಡಿಯುವುದು, ಹಲ್ಲು ಹರಿತ ಮಾಡುವುದು ನೀನು, ಮರ ಯಾವ ಕಡೆ ಬೀಳಬೇಕು ಎಂದು ಹೇಳುವುದೂ ನೀನು. ಮಷೀನು ಬಂದರೆ ನಮ್ಮ ಜೋಡಿ ಉಳಿಯುತ್ತದೆ, ಇಲ್ಲದಿದ್ದರೆ ಈ ಬೇಸಿಗೆಗೆ ಮುಗಿಯಿತು. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಐರಣಿಯಲ್ಲಿ ಹೊಳೆ ದಂಡೆಯ ಹೊಲದ ಹನ್ನೆರಡು ಬೇವಿನ ಮರಗಳನ್ನು ಯುಗಾದಿಯೊಳಗೆ ಕಡಿದು ಕೊಡುತ್ತೇವೆ ಎಂದು ಒಪ್ಪಿಕೊಂಡದ್ದೂ ಅದೇ ಧೈರ್ಯದ ಮೇಲೆ.

ಈಗ ಆ ಸೋಮವಾರಕ್ಕೆ ಬರುತ್ತೇನೆ. ನೀನೂ ಅಲ್ಲೇ ಇದ್ದೆ, ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಮಾಡಿದ್ದು ತಪ್ಪು ಎಂದು ನಿನಗೆ ಇಲ್ಲಿಯ ತನಕ ಅನ್ನಿಸಿಯೇ ಇಲ್ಲ.

ಹಾವೇರಿ ಬಸ್ಸಿನಲ್ಲಿ ನಾನು ನಿನಗೆ ಎಷ್ಟು ಸಲ ಹೇಳಿದೆ? ಸುಳ್ಳು ಹೇಳು ಎಂದು ಹೇಳಲಿಲ್ಲ. ಐಬು ಕಂಡರೆ ಬಾಯಿಬಿಟ್ಟು ಹೇಳು, ಛಲೋದು ಕಂಡರೆ ಸುಮ್ಮನೆ ಟೋಪಿ ಸರಿಮಾಡಿಕೋ, ನನಗೆ ತಿಳಿಯುತ್ತದೆ, ರೇಟಿನ ಮಾತು ನನಗೆ ಬಿಡು. ಇಷ್ಟೇ. ನೀನು "ಹೂಂ" ಎಂದೆ. ಮೋಟೆಬೆನ್ನೂರು ದಾಟುವ ತನಕ ಹೂಂ ಎನ್ನುತ್ತಲೇ ಇದ್ದೆ.

ವಿಜಯಮಹಾಂತೇಶನ ಕಟ್ಟಿಗೆ ಅಡ್ಡೆಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿತ್ತು ಆ ಮಷೀನು. ಹೈವೇ ಅಗಲ ಮಾಡುವಾಗ ದಾರಿಬದಿಯ ಹುಣಸೆ ಮರಗಳನ್ನು ಕಡಿಯಲು ಅವನು ತಂದಿದ್ದ ನಾಲ್ಕರಲ್ಲಿ ಉಳಿದದ್ದು ಅದೊಂದೇ. ಹೊಸದಕ್ಕೆ ಹುಬ್ಬಳ್ಳಿಯಲ್ಲಿ ಇಪ್ಪತ್ತೈದು ಸಾವಿರ. ಇವನು ಒಂಬತ್ತು ಎಂದ. ನನ್ನ ಸೊಂಟದಲ್ಲಿ ಎಂಟು ಇತ್ತು, ಏಳೂವರೆಗೆ ಮುಗಿಸುವ ಲೆಕ್ಕ ನನ್ನದು. ಏಳು ಸಲ ಹಗ್ಗ ಎಳೆದ ಮೇಲೆ ಚಾಲೂ ಆಯಿತು, ಕೆಮ್ಮಿತು, ಹೊಗೆ ಬಿಟ್ಟಿತು. ಒಂದು ತುಂಡಿಗೆ ಹಿಡಿದರೆ ಅರ್ಧ ಕೊಯ್ದು ಓರೆಯಾಗಿ ನಿಂತಿತು. ನನಗೆ ಒಳಗೊಳಗೇ ಖುಷಿ. ಇಷ್ಟು ಐಬು ಇದ್ದರೆ ಏಳಕ್ಕೇ ಇಳಿಯುತ್ತದೆ ಎಂದುಕೊಂಡೆ.

ಆಮೇಲೆ ನೀನು ಕೂತೆ. ಹೈವೇ ಕೆಲಸದ ಮಷೀನಿನವರಿಗೆ ಎರಡು ತಿಂಗಳು ಚೈನು ಹರಿತ ಮಾಡಿಕೊಟ್ಟು ನೀನು ಕಲಿತ ವಿದ್ಯೆಯೆಲ್ಲ ಆವತ್ತು ಹೊರಬಿತ್ತು. ಹಗ್ಗದ ಹಿಡಿಕೆ ಹಿಡಿದು ಮಷೀನನ್ನು ಗಾಳಿಯಲ್ಲಿ ತೂಗಿಬಿಟ್ಟೆ. ಇದಕ್ಕೂ ಮೊದಲು ನಾವು ಬ್ಯಾಡಗಿಯಲ್ಲಿ ನೋಡಿ ಬಿಟ್ಟುಬಂದ, ಹೊಸ ಬಣ್ಣ ಬಳಿದ ಮಷೀನು ಹೀಗೆ ಹಿಡಿದಾಗ ದಬಕ್ಕನೆ ಕೆಳಗೆ ಬಿದ್ದಿತ್ತು, ಇಂಜಿನ್ನಿನಲ್ಲಿ ದಮ್ಮಿಲ್ಲ ಎಂದು ನೀನೇ ಹೇಳಿದ್ದೆ. ಇದು ಹಾಗಲ್ಲ, ತಡೆತಡೆದು ಇಳಿಯಿತು. ನೀನು ಟೋಪಿ ಸರಿಮಾಡಿಕೊಂಡೆ. ಸರಿ. ಪ್ಲಗ್ ಬಿಚ್ಚಿದೆ, ತುದಿ ಕಂದು ಬಣ್ಣ, ಟೋಪಿ. ಸೈಲೆನ್ಸರ್ ಬಿಚ್ಚಿ ಒಳಗೆ ಪಿಸ್ಟನ್ ನೋಡಿದೆ, ಒಂದು ಗೀರಿಲ್ಲ, ಟೋಪಿ. ಅಲ್ಲಿಯ ತನಕ ನನ್ನಷ್ಟು ಸುಖಿ ಹಾವೇರಿಯಲ್ಲಿ ಇರಲಿಲ್ಲ.

ಚೈನಿನ ಹಲ್ಲಿನ ಮೇಲೆ ಬೆರಳಾಡಿಸಿದೆ ನೋಡು, ಅಲ್ಲಿ ಎಲ್ಲ ಹಾಳಾಯಿತು. ಒಂದು ಕಡೆಯ ಹಲ್ಲು ಉದ್ದ, ಇನ್ನೊಂದು ಕಡೆಯದು ಗಿಡ್ಡ, ಎಲ್ಲ ಮೊಂಡ. ಇದು ಐಬು, ಬಾಯಿಬಿಟ್ಟು ಹೇಳಬೇಕಾದದ್ದು. ಹೇಳಿದೆ ಕೂಡ. ಆದರೆ ಏನು ಹೇಳಿದೆ? "ಮಷೀನ್ ಭಾಳ ಛಲೋ ಐತ್ರಿ ಮಾಂತೇಶಣ್ಣಾರ. ಇಟ್ಟುಕೊಂಡವರು ಛಲೋ ಇಲ್ಲ." ಮಾಲಿನ ಒಡೆಯನ ಎದುರಿಗೆ. ನಾನು ಕೆಮ್ಮಿದೆ, ನಿನ್ನ ಕಾಲು ತುಳಿದೆ. ನೀನು ಕಾಲು ಸರಿಸಿಕೊಂಡು ಚೀಲದಿಂದ ದುಂಡು ಅರ ತೆಗೆದೆ.

ಮುಕ್ಕಾಲು ಗಂಟೆ ಕೂತು ಒಂದೊಂದೇ ಹಲ್ಲು ಎಣಿಸಿ ಅರ ಹಾಕಿದೆ. ಚೈನು ಓಡುವ ಪಟ್ಟಿಯ ಒಂದು ಅಂಚು ಸವೆದಿದೆ ಎಂದು ಅದನ್ನು ತಿರುವಿ ಹಾಕಿದೆ. ಗಾಳಿಯ ಜಾಲರಿಯಲ್ಲಿ ಕೂತಿದ್ದ ಹೊಟ್ಟು ಕುಟ್ಟಿ ಕೆಡವಿ ಪೆಟ್ರೋಲಿನಲ್ಲಿ ತೊಳೆದೆ, ಪೆಟ್ರೋಲು ಸಾಲದೆಂದು ಮಹಾಂತೇಶನಿಂದಲೇ ಕೇಳಿ ತರಿಸಿಕೊಂಡೆ. ಅವನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ. ವ್ಯಾಪಾರಸ್ಥ ಬಾಯಿ ಮುಚ್ಚಿದ ಎಂದರೆ ಲೆಕ್ಕ ಹಾಕುತ್ತಿದ್ದಾನೆ ಎಂದು ಅರ್ಥ, ಅದೂ ನಿನಗೆ ತಿಳಿಯಲಿಲ್ಲ. ಆಮೇಲೆ ನೀನು ಒಂದೇ ಸಲ ಹಗ್ಗ ಎಳೆದೆ. ಅದು ಎದ್ದ ಸದ್ದಿಗೆ ಅಡ್ಡೆಯ ಹಮಾಲರು ತಿರುಗಿ ನೋಡಿದರು. ದಪ್ಪ ಜಾಲಿಯ ತುಂಡು ಬೆಣ್ಣೆಯ ಹಾಗೆ ಎರಡಾಯಿತು, ನೆಟ್ಟಗೆ. ಮಷೀನು ಆಫ್ ಮಾಡಿ ನೀನು ನನ್ನ ಕಡೆ ನೋಡಿ ನಕ್ಕೆ. ಆ ನಗು ನೆನೆಸಿಕೊಂಡರೆ ಈಗಲೂ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

"ಈಗ ಹದಿಮೂರು ಸಾವಿರ" ಎಂದ ಮಹಾಂತೇಶ. ಒಂಬತ್ತು ಅಂದಿದ್ರಲ್ಲರಿ ಎಂದೆ ನಾನು. "ಅದು ಕೆಟ್ಟ ಮಷೀನಿಂದು. ಇದು ಛಲೋ ಐತಿ ಅಂತ ನಿಮ್ಮ ಸಾಬ್ರ ಹೇಳ್ಯಾರ" ಎಂದ. ಯಾರ ಬಾಯಿ ಹಿಡಿಯಲಿ ನಾನು? ಕೊಳ್ಳುವವನೇ ಮಾಲು ರಿಪೇರಿ ಮಾಡಿಕೊಟ್ಟು ಆಮೇಲೆ ರೇಟು ಕೇಳಿದ್ದನ್ನು ನಾನು ಈ ಜನ್ಮದಲ್ಲಿ ಇನ್ನೆಲ್ಲೂ ಕಂಡಿಲ್ಲ.

ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾನು ಕೂಗಾಡಿದೆ. "ಮೊಂಡ ಹಲ್ಲು ನೋಡಿ ಕೈ ಸುಮ್ನ ಕುಂದರಲಿಲ್ಲೋ ಗುಡ್ಡಾ" ಎಂದೆ ನೀನು. ನಾನು ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. "ಎಳಿಯೂ ಕೈ ಅಂತೂ ಹೋತು, ಇನ್ನ ಮಂದಿ ಮಷೀನಿಗೆ ಪುಕ್ಕಟೆ ಅರ ಹಾಕ್ಕೊಂತ ಕುಂದ್ರು" ಎಂದುಬಿಟ್ಟೆ. ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ ಮಾತು ಚಹಾದಂಗಡಿಯ ನಾಲ್ಕು ಜನರ ಎದುರಿಗೆ ಹೊರಬಿತ್ತು. ನೀನು ಕಪ್ಪು ಕೆಳಗಿಟ್ಟೆ. ಎಡಗೈಯಿಂದ ಇಟ್ಟೆ. ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತೆ. ಯೂಸುಫಾ, ಆ ಮಾತಿಗೆ ನನ್ನ ನಾಲಿಗೆ ಸೀಳಿದರೂ ಕಡಿಮೆಯೇ. ತಪ್ಪಾಯಿತು. ಇದನ್ನು ಎದುರಿಗೆ ಹೇಳೋಣವೆಂದರೆ ನೀನು ಚಪ್ಪಲಿ ಹೊರಗಿಟ್ಟು ರಾಣೆಬೆನ್ನೂರಿಗೆ ಹೋಗಿರುತ್ತೀಯ.

ಇಷ್ಟೇ ಆಗಿದ್ದರೆ ಬಾಗಿಲು ಒದ್ದು ಒಳಗೆ ಬರುತ್ತಿದ್ದೆ. ಬರಲಾರದ್ದಕ್ಕೆ ಬೇರೆ ಕಾರಣವಿದೆ.

ಗುರುವಾರ ನಾನೊಬ್ಬನೇ ಹಾವೇರಿಗೆ ಹೋದೆ, ಮತ್ತೊಮ್ಮೆ ಕೇಳಿ ನೋಡೋಣವೆಂದು. ಮಹಾಂತೇಶ ನನ್ನ ಮಾತು ಅರ್ಧಕ್ಕೇ ನಿಲ್ಲಿಸಿ "ಮಷೀನ್ ಬಿಡ್ರಿ, ಆ ಸಾಬ್ರು ಎಲ್ಲಿ ಅದಾರ?" ಎಂದ. ಅವನ ಅಡ್ಡೆಯ ಗರಗಸದ ಪಟ್ಟಿಗಳು ಹರಿತಕ್ಕೆಂದು ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ನಿಲ್ಲುತ್ತದಂತೆ. ನೆರಳಲ್ಲಿ ಕೂತು ಅರ ಹಾಕುವ ಕೆಲಸ, ತಿಂಗಳಿಗೆ ಮೂರು ಸಾವಿರ ಪಗಾರ, ನೀನೇ ಬೇಕಂತೆ. "ಅವರನ್ನ ಕಳಸ್ರಿ, ಮಷೀನ್ ಏಳು ಸಾವಿರಕ್ಕ ಹೊತ್ಕೊಂಡು ಹೋಗ್ರಿ" ಎಂದ. ನಿನ್ನ ಹತ್ತಿರ ಮುಚ್ಚಿಡುವುದಿಲ್ಲ, ನನ್ನ ಕೈ ಸೊಂಟಕ್ಕೆ ಹೋಯಿತು. ಹೋದ ಕೈಯನ್ನು ವಾಪಸ್ಸು ತೆಗೆದುಕೊಂಡೆ. ನೀನಿಲ್ಲದ ಮೇಲೆ ಆ ಮಷೀನು ನನಗೆ ಯಾತಕ್ಕೆ? ನೋಡಿ ಹೇಳ್ತೇನ್ರಿ ಎಂದು ಬಂದುಬಿಟ್ಟೆ.

ನಾಲ್ಕು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಹೇಳಿದರೆ ಚಹಾದಂಗಡಿಯ ಮಾತನ್ನೇ ಸಿಹಿ ಮಾಡಿ ಹೇಳಿದಂತಾಗುತ್ತದೆ, ಮಷೀನಿಗಾಗಿ ನಿನ್ನನ್ನು ಕೊಟ್ಟೆ ಎಂದು ತಿಳಿಯುತ್ತೀಯ ಎಂದುಕೊಂಡೆ. ಇದು ಅರ್ಧ ಸತ್ಯ. ಹೇಳಿದರೆ ನೀನು ಹೋಗುತ್ತೀಯ ಎನ್ನುವುದು ಉಳಿದರ್ಧ. ಮೊನ್ನೆ ಕುಲ್ಸುಮಬಿ ನನ್ನ ಹೆಂಡತಿಯ ಮುಂದೆ ಹೇಳಿದಳಂತೆ, ನಿನಗೆ ಬಲಗೈಯಿಂದ ಅಂಗಿ ಹಾಕಿಕೊಳ್ಳಲಿಕ್ಕೂ ಆಗುತ್ತಿಲ್ಲ, ತೋಳು ಅವಳೇ ತೂರಿಸುತ್ತಾಳೆ ಎಂದು. ಅದನ್ನು ಕೇಳಿದ ಮೇಲೆ ನಾನು ಮುಚ್ಚಿಡುವುದು ದೋಸ್ತಿ ಅಲ್ಲ, ಕಳ್ಳತನ.

ನಿನ್ನೆ ಮತ್ತೆ ಹೋದೆ. ಮಷೀನಿಗೂ ಸಾಬನಿಗೂ ಗಂಟು ಹಾಕಬೇಡ್ರಿ, ಅದರ ರೇಟು ಅದಕ್ಕೆ, ಇವನ ಪಗಾರ ಇವನಿಗೆ ಎಂದೆ. ಹಂಗಾರ ಮಷೀನು ಹದಿಮೂರೇ ಎಂದ. ಇಟ್ಟುಕೊಳ್ರಿ ಎಂದೆ. ಆಮೇಲೆ ನಿನ್ನ ವ್ಯಾಪಾರಕ್ಕೆ ಕೂತೆ. "ಏನರೆ ಐಬು ಐತೇನ್ರಿ?" ಎಂದು ಕೇಳಿದ, ವ್ಯಾಪಾರಸ್ಥನಲ್ಲವೇ. ಬಲ ಹೆಗಲು ಕೆಟ್ಟಿದೆ, ಭಾರ ಎತ್ತಲು ಹಚ್ಚಬಾರದು ಎಂದು ಹೇಳಿದೆ. ಹೇಳಿದ ಮಾತು ಕೇಳುವುದಿಲ್ಲ, ಕೆಟ್ಟದ್ದು ಕಣ್ಣಿಗೆ ಬಿದ್ದರೆ ಸರಿಯಾಗುವ ತನಕ ಏಳುವುದಿಲ್ಲ, ಊಟಕ್ಕೆ ಕರೆದರೂ ಏಳುವುದಿಲ್ಲ ಎಂದೂ ಹೇಳಿದೆ. ಮೂರಕ್ಕೆ ಇಂಥವನು ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ ಎಂದೆ. ಒಂದು ತಾಸು ಜಗ್ಗಾಡಿದ ಮೇಲೆ ನಾಲ್ಕಕ್ಕೆ ಒಪ್ಪಿದ. ಬಸ್ಸಿನ ಖರ್ಚು ಅವನದು, ಶುಕ್ರವಾರ ನಮಾಜಿಗೆ ಬಿಡುತ್ತಾನೆ. ನಿನ್ನ ಬೆಲೆ ನಾನೇ ಇಷ್ಟು ಏರಿಸಿ ಬಂದ ಮೇಲೆ, ನಿನ್ನನ್ನು ನನ್ನ ಜೊತೆ ಇಟ್ಟುಕೊಳ್ಳುವ ತಾಕತ್ತು ಈಗ ನನಗೇ ಇಲ್ಲ.

ಬರುವ ಸೋಮವಾರ ಎಂಟೂವರೆ ಬಸ್ಸಿಗೆ ಹೋಗು. ಹೋಗದಿದ್ದರೆ ನಾನೇ ಎಳೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ. ಐರಣಿಯ ಕೆಲಸದ ಚಿಂತೆ ನಿನಗೆ ಬೇಡ, ನಿನ್ನ ತುದಿಗೆ ದುರಗಪ್ಪನನ್ನು ಕರೆದುಕೊಂಡಿದ್ದೇನೆ. ಇವತ್ತು ಮುಂಜಾನೆ ಮೊದಲ ಮರಕ್ಕೆ ಗರಗಸ ಇಟ್ಟೆವು. ಗಟ್ಟಿಮುಟ್ಟಾದ ಆಳು, ಆದರೆ ಎಳೆಯುವುದು ಬಿಟ್ಟು ನೂಕುತ್ತಾನೆ. ನನ್ನ ಸರದಿ ಬಂದಾಗ ಸಡಿಲ ಬಿಡಪ್ಪಾ, ನೂಕಬೇಡ ಎಂದು ಮಧ್ಯಾಹ್ನದ ತನಕ ಹೇಳಿ ಹೇಳಿ ಗಂಟಲು ಒಣಗಿತು. ನಿನಗೆ ಇದನ್ನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಹೇಳಿದ ನೆನಪು ನನಗಿಲ್ಲ.

ಆ ಹೆಗಲಿಗೆ ಆರಾಮ ಸಿಗಲಿ, ಅಂಗಿಯ ತೋಳು ನಿನ್ನ ಕೈಯಿಂದಲೇ ಏರುವಂತಾಗಲಿ, ನಿನ್ನ ಅಲ್ಲಾ ನಿನ್ನನ್ನು ನೆರಳಲ್ಲಿಡಲಿ.

ಗರಗಸದ ಈ ತುದಿಯಿಂದ,
ನಿನ್ನ ಗುಡ್ಡಪ್ಪ