ಬೇಕು, ಸಾಕು

ಹೆಗ್ಗದ್ದೆ
12 ಡಿಸೆಂಬರ್ 2024

ಮುದ್ದು ಕೃತಿಕಾಗೆ ಅಮ್ಮನ ಅಪ್ಪುಗೆ.

ಕಂಪ್ಯೂಟರಿನ ಸಿ ಭಾಷೆಯಲ್ಲಿ ಸ್ಕ್ರೀನಿನ ಕಿಟಕಿ, ಬಟನ್ ಬರೆಯುವುದು ಹೇಗೆಂದು ನಿನ್ನ ಡಿಪ್ಲೊಮಾ ಪ್ರಾಜೆಕ್ಟಿಗೆ ನಾಲ್ಕು ಬುದ್ಧಿಮಾತು ಕೇಳಿದ್ದೆಯಲ್ಲ. ಮೊನ್ನೆ ಕೇಳಿದ್ದರೆ ದೊಡ್ಡ ಪಂಡಿತಳಂತೆ ಬರೆಯುತ್ತಿದ್ದೆ. ನಿನ್ನೆ ತೋಟದ ಪಲ್ಪರ್ ಮನೆಯಲ್ಲಿ ಆದದ್ದನ್ನು ಮೊದಲು ಹೇಳಬೇಕು. ಫೋನಿನಲ್ಲಿ ಹೇಳಲಾಗದು, ಅದಕ್ಕೇ ಈ ಕಾಗದ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರಕ್ಕೆ ಸ್ಕ್ರೀನ್ ಬರೆದವಳು ನಾನೇ. ನಿಲ್ಲಿಸಲು ಹೋದರೆ “ನಿಲ್ಲಿಸಬೇಕೆ?” ಎಂದು ಕೇಳುತ್ತದೆ. ಕೆಳಗೆ ಎರಡು ಬಟನ್: ಬೇಕು, ಸಾಕು. ಸಾಕು ಎಂದರೆ ಈ ಪ್ರಶ್ನೆ ಸಾಕು, ಯಂತ್ರ ಓಡಲಿ ಎಂದು ನನ್ನ ಲೆಕ್ಕ. ಅದನ್ನು ಕೂರಿಸಲು ಬಾಳ್ಳುಪೇಟೆಯಿಂದ ಬಂದಿದ್ದ ಮೆಕ್ಯಾನಿಕ್ ಆಕಿಫ್, “ಬೇಡ ಅಂತ ಹಾಕಿ ಅಕ್ಕಾ” ಎಂದಿದ್ದ.

“ಬೇಡಕ್ಕೆ ಪ್ರಾಸ ಕೂಡಲ್ಲ ಕಣೋ.”

“ಪ್ರಾಸದಲ್ಲಿ ಸಿಪ್ಪೆ ಬಿಡಿಸ್ತೀರಾ ಮಾರಾಯ್ತಿ?” ಎಂದು ನಕ್ಕ. ನಾನೂ ನಕ್ಕೆ.

ನಿನ್ನೆ ಯಂತ್ರಕ್ಕೆ ಹಣ್ಣು ಸುರಿಯುತ್ತಿದ್ದ ಆಳು ಮಾದೇವಮ್ಮನ ಸೆರಗು ಬೆಲ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದ ಕೈಯನ್ನೂ ಬೆಲ್ಟು ಎಳೆದುಕೊಂಡಿತು. “ಅಯ್ಯೋ ನಿಲ್ಸ್ರೋ, ಸಾಕು ಸಾಕು!” ಎಂದು ಚೀರಿದಳು. ಸ್ಕ್ರೀನಿನ ಬಳಿ ಇದ್ದವರು ನಿಲ್ಲಿಸಲು ಒತ್ತಿದರು, ಪ್ರಶ್ನೆ ಬಂತು, ಸಾಕು ಒತ್ತಿದರು. ಪ್ರಶ್ನೆ ಮಾಯವಾಯಿತು, ಬೆಲ್ಟು ಓಡುತ್ತಲೇ ಇತ್ತು. ಮತ್ತೆ ಪ್ರಶ್ನೆ, ಮತ್ತೆ ಸಾಕು. ಕೊನೆಗೆ ಇನ್ನೊಬ್ಬ ಆಳು ಲಕ್ಕಪ್ಪ ಓಡಿಬಂದು ಗೋಡೆಯ ಮೈನ್ ಸ್ವಿಚ್ಚು ಕೆಳಗೆಳೆದ.

“ಇದೆಂಥ ಮಿಷನ್ನವ್ವಾ, ಸಾಕಂದ್ರೂ ಸಾಕಾಗಲ್ವಂತೆ!” ಎಂದ. ನಾನು ಬೆಲ್ಟಿನಿಂದ ಸೆರಗು ಬಿಡಿಸಲು ಓಡಿದೆ.

ಮಾದೇವಮ್ಮ ಹಾಸನದ ಆಸ್ಪತ್ರೆಯಲ್ಲಿದ್ದಾಳೆ. ಎರಡು ಬೆರಳು ಉಳಿಯುತ್ತವೋ ಇಲ್ಲವೋ, ನಾಳೆ ಪಟ್ಟಿ ಬಿಚ್ಚಿದ ಮೇಲೆ ಗೊತ್ತಾಗುತ್ತದಂತೆ.

ಈಗ ನೀನು ಕೇಳಿದ್ದು. ಬಟನ್ ಒತ್ತಿದಾಗ ಓಡುವ ಫಂಕ್ಷನ್ ಚಿಕ್ಕದಿರಲಿ. ಅದು ಮುಗಿಯುವ ತನಕ ಇಡೀ ಸ್ಕ್ರೀನ್ ಮರಗಟ್ಟಿರುತ್ತದೆ. ಕನ್ನಡದ ಅಕ್ಷರ ಸಿ ಭಾಷೆಯಲ್ಲಿ ಹೆಚ್ಚು ಬೈಟ್ ಕೇಳುತ್ತದೆ, ಜಾಗಕ್ಕೆ ಜಿಪುಣತನ ಮಾಡಿದರೆ ಒತ್ತಕ್ಷರ ತುಂಡಾಗುತ್ತದೆ. ಇವನ್ನೆಲ್ಲ ನಾನು ಚೆನ್ನಾಗಿಯೇ ಮಾಡಿದ್ದೆ, ನೋಡು. ಬಟನ್ ಮೇಲೆ ಅದು ಮಾಡುವ ಕೆಲಸವನ್ನೇ ಬರೆ: ನಿಲ್ಲಿಸು, ಓಡಿಸು. ನಿಲ್ಲಿಸು ಎಂದವರನ್ನು ಮರುಪ್ರಶ್ನೆ ಕೇಳಬೇಡ. ಕೈಗೆ ಸಿಗುವಂತೆ ಒಂದು ನಿಜವಾದ ಸ್ವಿಚ್ಚು ಇಡಿಸು. ಕಂಪೈಲರನ್ನು ನಂಬಬೇಡ, ಅರ್ಧವಿರಾಮ ತಪ್ಪಿದರೆ ಕೂಗುತ್ತದೆ, ಅರ್ಥ ತಪ್ಪಿದರೆ ತೆಪ್ಪಗಿರುತ್ತದೆ.

ಕುಂದೂರಿನ ತೋಟವೊಂದರಲ್ಲೂ ಇದೇ ಸ್ಕ್ರೀನ್ ಇದೆ. ಅದನ್ನು ಬಿಚ್ಚಿಹಾಕಲು ಆಕಿಫ್ ಈಗಷ್ಟೇ ಹೊರಟ.

ಊಟ ಬಿಡಬೇಡ.

ನಿನ್ನ ಅಮ್ಮ,
ಮಧುಶ್ರೀ

ತಾ.ಕ.: ಬರೆಯಬಾರದೆಂದೇ ಇದ್ದೆ. “ಆಳುಗಳಿಗೆ ಓದೋಕೆ ಬರಲ್ಲ, ಅದಕ್ಕೇ ಹಿಂಗಾಯ್ತು ಅಲ್ವಾ?” ಎಂದು ತೋಟದ ಮೇನೇಜರು ಕೇಳಿದಾಗ ಹೂಂ ಎಂದುಬಿಟ್ಟೆ. ಸ್ಕ್ರೀನಿನ ಬಳಿ ಇದ್ದವಳು ನಾನೇ ಕೃತಿ. ಎರಡು ಸಲವೂ ಸಾಕು ಒತ್ತಿದ್ದು ನನ್ನ ಬೆರಳೇ.