ಒಂದು ತಿಂಗಳಿಗಾಗುವಷ್ಟು ಖಾರದಪುಡಿ

ಮಕರಪುರ, ವಡೋದರಾ

ಸಮೀಕ್ಷಾ ಅಕ್ಕನವರಿಗೆ ನಮಸ್ಕಾರ.

ನಿಮಗೆ ಕೃತಜ್ಞತೆ ಹೇಳಲೆಂದು ಬರೆಯುತ್ತಿದ್ದೇನೆ. ಗಿರಾಕಿಗಳಿಲ್ಲವೆಂದು ನಮ್ಮ ಸೇಠ್ ಖಾರದಪುಡಿ ಅಂಗಡಿ ಮುಚ್ಚುವವರಿದ್ದರು. ನನ್ನ ಕೆಲಸವೂ ಹೋಗುತ್ತಿತ್ತು. "ಈಗಿನವರಿಗೆ ಮಾಲ್ ಪ್ಯಾಕೆಟ್ಟೇ ರುಚಿ" ಎನ್ನುತ್ತಿದ್ದರು. ಮಾರುಕಟ್ಟೆ ಸಮೀಕ್ಷೆಗೆಂದು ಬಂದ ನೀವು ಹಳೆಯ ಗಿರಾಕಿಗಳ ಅಡುಗೆಮನೆಗೇ ಹೋಗಿ ವಿಚಾರಿಸಿದಿರಿ. ಅವರಿಗೆ ಈಗಲೂ ಕಣ್ಣೆದುರು ಕುಟ್ಟಿದ ಪುಡಿಯೇ ಬೇಕು, ಆದರೆ ಚಿಕ್ಕ ಫ್ಲ್ಯಾಟಿನಲ್ಲಿ ಮೊದಲಿನಂತೆ ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಂಡು ಇಡಲು ಜಾಗವಿಲ್ಲ ಎಂದು ತಿಳಿಸಿದಿರಿ. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಈಗ ತಿಂಗಳಿಗೆ ಬೇಕಾದಷ್ಟೇ ಕುಟ್ಟಿಕೊಡುತ್ತೇವೆ, ಮಧ್ಯಾಹ್ನವೂ ಗಿರಾಕಿಗಳು ಬರುತ್ತಾರೆ. "ಆ ಬೆನ್ ನನ್ನ ಮಧ್ಯಾಹ್ನದ ನಿದ್ದೆ ಕಿತ್ತುಕೊಂಡಳು!" ಎಂದು ಸೇಠ್ ನಿಮ್ಮನ್ನೇ ನೆನೆದು ನಗುತ್ತಾರೆ.

ಅಕ್ಕಾ, ಗುರುತಿಲ್ಲದವರು ಬಾಗಿಲು ತೆರೆದಾಗ ಮೊದಲು ಏನು ಹೇಳುತ್ತೀರಿ? ದಯವಿಟ್ಟು ಬರೆದು ತಿಳಿಸಿ. ಅರಿಶಿನದ ಬಗ್ಗೆ ಮನೆಮನೆಗೆ ಹೋಗಿ ಕೇಳಿ ಬರಲು ಸೇಠ್ ಸೋಮವಾರ ನನ್ನನ್ನೇ ಕಳಿಸುತ್ತಿದ್ದಾರೆ.

ನಿಮ್ಮ ತಂಗಿಯಂಥ,
ನೀಲವ್ವ