ತಾತ ಕಳಿಸಿದ್ದಾರೆ ಅಂದವನು

ಬಟವಾಡಿ, ಸೋಮವಾರ

ಚೇಳೂರಿನ ಅಪ್ಪನಿಗೆ ಸಂಧ್ಯಾಳ ನಮಸ್ಕಾರ.

ಫೋನಿನಲ್ಲಾದರೆ ಕೂಗಾಡಿಬಿಡುತ್ತೇನೆ ಅಂತ ಈ ಕಾಗದ ಬರೆದು ತಮ್ಮನ ಕೈಲಿ ಕಳಿಸುತ್ತಿದ್ದೇನೆ. ಶನಿವಾರ ಶಾಲೆಯ ಗೇಟಿನಲ್ಲಿ ಒಬ್ಬ ಅಪರಿಚಿತ ನಮ್ಮ ತೇಜಸ್ವಿನಿಗೆ, "ಚುಕ್ಕಿ, ಚೇಳೂರು ತಾತ ಬಿದ್ಬಿಟ್ಟವ್ರೆ, ಅವ್ರೇ ಕಳಿಸಿದ್ದು, ಬೈಕ್ ಹತ್ತು" ಅಂದನಂತೆ. ಅವಳು ಹತ್ತುವುದರಲ್ಲಿದ್ದಳು. ಆಯಾ ಕೂಗಿಕೊಂಡಿದ್ದಕ್ಕೆ ಅವನು ಪರಾರಿಯಾದ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ.

ಅವಳ ಮುದ್ದಿನ ಹೆಸರು, ಶಾಲೆ, ನಿಮ್ಮ ಊರು, ಎಲ್ಲವೂ ನೀವು ಪ್ರೀತಿಯಿಂದ ಆನ್‌ಲೈನಿನಲ್ಲಿ ಹಾಕಿದ ಫೋಟೋಗಳ ಕೆಳಗಿವೆ. ನಾನೂ ಲೈಕ್ ಒತ್ತಿದ್ದೆ. ತಮ್ಮನಿಗೆ ಹೇಳಿ ಈಗಲೇ ಅಳಿಸಿಸಿ. ಬಿಪಿ ಮಾತ್ರೆ ಮರೆಯಬೇಡಿ.

ಅವಳು ಇವತ್ತೂ ಶಾಲೆಗೆ ಹೋಗಿಲ್ಲ. "ತಾತ ನಿಜವಾಗ್ಲೂ ಯಾರನ್ನಾದ್ರೂ ಕಳಿಸಿದ್ರೆ ಹೆಂಗಮ್ಮಾ ಗೊತ್ತಾಗುತ್ತೆ?" ಅಂತಾಳೆ. ನಾಳೆಯೇ ಬನ್ನಿ. ನೀವು ಕಳಿಸಿದವರು ಅವಳಿಗೆ ಹೇಳಲೇಬೇಕಾದ ಒಂದು ಗುಟ್ಟಿನ ಮಾತನ್ನು ನೀವಿಬ್ಬರೇ ಕೂತು ಗೊತ್ತುಮಾಡಿಕೊಳ್ಳಿ. ಅದನ್ನು ನನಗೂ ಹೇಳಬೇಡಿ.

ನಿಮ್ಮ ಮಗಳು,
ಸಂಧ್ಯಾ